ನಡಿಗೆಯಿಂದ ನೃತ್ಯಕ್ಕೆ

ಏಪ್ರಿಲ್ ತಿಂಗಳು ಬಂದಿತೆಂದರೆ ಶಾಲೆಗಳ ಬಾಗಿಲು ಮುಚ್ಚುತ್ತದೆ. ಬೇಸಿಗೆ ಶಿಬಿರಗಳ ಬಾಗಿಲು ತೆರೆಯುತ್ತದೆ. ಶಿವಮೊಗ್ಗ, ಭದ್ರಾವತಿಗಳಂತಹ ಊರುಗಳಲ್ಲಿ ಮಕ್ಕಳು ರಜೆಯ ದಿನಗಳಲ್ಲಿ ಚಿತ್ರಕಲೆ, ಈಜು, ನಾಟಕ, ಯೋಗಾಸನಗಳ ಜೊತೆಗೆ ನೃತ್ಯವನ್ನೂ ಕಲಿಯುವುದುಂಟು. ಅನೇಕ ಶಿಬಿರಗಳಲ್ಲಿ ಒಂದು ಚಲನಚಿತ್ರ ಗೀತೆಯನ್ನು ಆರಿಸಿಕೊಂಡು, ಅದಕ್ಕೆ ಹೊಂದುವ ಹೆಜ್ಜೆಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿ, ಸಮಾರೋಪದ ದಿನ ವೇದಿಕೆಯ ಮೇಲೆ ಒಪ್ಪಿಸುವ ರೂಢಿಯಿದೆ. ತಂದೆತಾಯಿಗಳು ಚಪ್ಪಾಳೆ ತಟ್ಟುತ್ತಾರೆ. ಶಾಲೆ ಮತ್ತೆ ತೆರೆಯುವ ವೇಳೆಗೆ ಆ ಹೆಜ್ಜೆಗಳು ಮರೆತುಹೋಗಿರುತ್ತವೆ. ಹಾಗಾದರೆ ನಾಲ್ಕಾರು ವಾರಗಳಲ್ಲಿ ನೃತ್ಯವನ್ನು ಕಲಿಯುವುದು ಸಾಧ್ಯವೆ? ಸಾಧ್ಯವಾದರೆ, ಕಲಿಯುವುದು ಏನನ್ನು?

ಭರತನಾಟ್ಯವನ್ನಾಗಲಿ ಕಥಕ್ಕನ್ನಾಗಲಿ ಒಂದು ರಜೆಯಲ್ಲಿ ಕಲಿಯಲಾಗುವುದಿಲ್ಲ. ಗುರುವಿನ ಬಳಿ ವರ್ಷಗಟ್ಟಲೆ ಅಡವುಗಳನ್ನೂ ಮುದ್ರೆಗಳನ್ನೂ ತಾಳವನ್ನೂ ಸಾಧಿಸಿದ ಮೇಲೆಯೇ ಶಿಷ್ಯರು ರಂಗಪ್ರವೇಶಕ್ಕೆ ಅರ್ಹರಾಗುತ್ತಾರೆ. ಯಕ್ಷಗಾನದ ಹೆಜ್ಜೆಗಾರಿಕೆಗೂ ಇದೇ ಮಾತು ಸಲ್ಲುತ್ತದೆ. ಇವೆಲ್ಲವುಗಳಲ್ಲಿ ಹಿರಿಯರು ಕೂಡಿಟ್ಟ ಸಂಪತ್ತು ಮೊದಲು ಶಿಷ್ಯರ ಕೈಸೇರಬೇಕು. ಸಮಕಾಲೀನ ನೃತ್ಯವೆಂದು ಕರೆಯಲ್ಪಡುವ ಪದ್ಧತಿಯ ದಾರಿ ಸ್ವಲ್ಪ ಬೇರೆ. ಇಲ್ಲಿಯೂ ಕಠಿಣವಾದ ಅಭ್ಯಾಸವುಂಟು. ಆದರೆ ಶಿಕ್ಷಕರು ಸಿದ್ಧವಾದ ಹೆಜ್ಜೆಯನ್ನು ಕೊಡುವುದಕ್ಕಿಂತ ಹೆಚ್ಚಾಗಿ ಪ್ರಶ್ನೆಯನ್ನು ಕೊಡುತ್ತಾರೆ. ‘ಭಾರವಾದ ವಸ್ತುವನ್ನು ಎತ್ತುವಾಗ ಬೆನ್ನು ಏನು ಮಾಡುತ್ತದೆ? ಭಯವಾದಾಗ ಉಸಿರು ಎಲ್ಲಿ ನಿಲ್ಲುತ್ತದೆ?’ ಎಂದು ಕೇಳುತ್ತಾರೆ. ಉತ್ತರವನ್ನು ವಿದ್ಯಾರ್ಥಿಯು ಮಾತಿನಿಂದಲ್ಲ, ತನ್ನ ದೇಹದಿಂದ ಹುಡುಕಬೇಕು. ಹೀಗೆ ದೊರೆತ ಚಲನೆಗಳನ್ನು ಆಯ್ದು, ಕಾಲ ಮತ್ತು ಸ್ಥಳಗಳಲ್ಲಿ ಹೊಂದಿಸಿ, ಒಂದು ಅರ್ಥಪೂರ್ಣವಾದ ಕೃತಿಯನ್ನಾಗಿ ಕಟ್ಟುವುದೇ ನೃತ್ಯಸಂಯೋಜನೆ. ಹಾಗೆ ಕಟ್ಟುವವರು ನೃತ್ಯಸಂಯೋಜಕರು.

ಇಂತಹ ಶಿಕ್ಷಣಕ್ಕೂ ಬೇಸಿಗೆಯ ರಜೆಗೂ ಹಳೆಯ ನಂಟು ಇದೆ. 1934ರಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯದ ಬೆನಿಂಗ್ಟನ್ ಕಾಲೇಜಿನಲ್ಲಿ ಆರು ವಾರಗಳ ಒಂದು ಬೇಸಿಗೆ ನೃತ್ಯಶಾಲೆ ಪ್ರಾರಂಭವಾಯಿತು. ಅದು ಆರ್ಥಿಕ ಮುಗ್ಗಟ್ಟಿನ ಕಾಲ. ರಜೆಯಲ್ಲಿ ಬರಿದಾಗಿ ಉಳಿಯುತ್ತಿದ್ದ ಕಾಲೇಜಿನ ಕಟ್ಟಡಗಳೇ ಪಾಠಶಾಲೆಯಾದವು. ಮಾರ್ತಾ ಹಿಲ್ ಅದರ ನಿರ್ದೇಶಕಿಯಾಗಿದ್ದರು. ಮಾರ್ತಾ ಗ್ರಹಾಂ, ಡೋರಿಸ್ ಹಂಫ್ರಿ, ಚಾರ್ಲ್ಸ್ ವೈಡ್‌ಮನ್, ಹಾನ್ಯಾ ಹೋಮ್ ಎಂಬ ನಾಲ್ವರು ಪ್ರಸಿದ್ಧ ಕಲಾವಿದರು ಅಲ್ಲಿ ಪಾಠ ಹೇಳಿದರು. ಉಸಿರನ್ನು ಬಿಡುವಾಗ ದೇಹ ಕುಗ್ಗುವುದು, ತೆಗೆದುಕೊಳ್ಳುವಾಗ ಹಿಗ್ಗುವುದು ಎಂಬ ಸಹಜ ಕ್ರಿಯೆಯಿಂದ ಗ್ರಹಾಂ ಒಂದು ನೃತ್ಯಪದ್ಧತಿಯನ್ನೇ ಬೆಳೆಸಿದರು. ಬೀಳುವುದು ಮತ್ತು ಬಿದ್ದಲ್ಲಿಂದ ಚೇತರಿಸಿಕೊಂಡು ಏಳುವುದು, ಇವೆರಡರ ನಡುವೆಯೇ ಚಲನೆಯೆಲ್ಲ ಅಡಗಿದೆ ಎಂಬುದು ಹಂಫ್ರಿಯವರ ಸಿದ್ಧಾಂತ. ಆ ಶಾಲೆಗೆ ಬಂದ ವಿದ್ಯಾರ್ಥಿಗಳಲ್ಲಿ ಬಹುಮಂದಿ ಸ್ವತಃ ಅಧ್ಯಾಪಕರು. ಅವರು ತಮ್ಮ ಊರುಗಳಿಗೆ ಹಿಂದಿರುಗಿ ತಮ್ಮ ಶಾಲೆಗಳಲ್ಲಿ ಈ ವಿದ್ಯೆಯನ್ನು ಹರಡಿದರು. ಆರು ವಾರಗಳ ಪಾಠ ಅನೇಕ ವರ್ಷಗಳ ಫಲವನ್ನು ಕೊಟ್ಟಿತು.

ನಮ್ಮ ದೇಶದಲ್ಲಿ ಇಂತಹ ಪ್ರಯೋಗಕ್ಕೆ ಮುಂದಾದವರಲ್ಲಿ ಉದಯಶಂಕರ್ ಪ್ರಮುಖರು. ಚಿತ್ರಕಲೆಯನ್ನು ಕಲಿಯಲೆಂದು ಲಂಡನ್ನಿಗೆ ಹೋದ ಅವರು 1923ರಲ್ಲಿ ಪ್ರಸಿದ್ಧ ನರ್ತಕಿ ಅನ್ನಾ ಪಾವ್ಲೋವಾ ಅವರೊಡನೆ ಸೇರಿ ನೃತ್ಯದ ಕಡೆಗೆ ತಿರುಗಿದರು. 1930ರ ದಶಕದ ಕೊನೆಯಲ್ಲಿ ಹಿಮಾಲಯದ ತಪ್ಪಲಿನ ಅಲ್ಮೋರಾದಲ್ಲಿ ಒಂದು ಕಲಾಕೇಂದ್ರವನ್ನು ಸ್ಥಾಪಿಸಿದರು. ಕಥಕ್ಕಳಿ, ಭರತನಾಟ್ಯ, ಮಣಿಪುರಿ ನೃತ್ಯಗಳ ಗುರುಗಳು ಅಲ್ಲಿ ಪಾಠ ಹೇಳುತ್ತಿದ್ದರು. ಅದರೊಂದಿಗೆ ಎಲ್ಲ ವಿದ್ಯಾರ್ಥಿಗಳೂ ಒಟ್ಟಿಗೆ ಸೇರುವ ತರಗತಿಯೊಂದಿತ್ತು. ಅಲ್ಲಿ ನಡೆಯುವುದೇ ಒಂದು ಪಾಠ. ಸುತ್ತಲಿನ ಜನರನ್ನು ಗಮನಿಸುವುದು ಇನ್ನೊಂದು ಪಾಠ. ಗಮನಿಸಿದ್ದನ್ನು ಆಶುವಾಗಿ ಚಲನೆಗೆ ತರುವುದು ಮತ್ತೊಂದು. ಬೆಂಗಳೂರಿನಲ್ಲಿ ಜನಿಸಿ ಮುಂದೆ ಹಿಂದಿ ಚಲನಚಿತ್ರರಂಗದಲ್ಲಿ ಹೆಸರಾಂತ ನಿರ್ದೇಶಕರಾದ ಗುರುದತ್ ಅವರು ತಾರುಣ್ಯದಲ್ಲಿ ಕಲಿತದ್ದು ಇದೇ ಕೇಂದ್ರದಲ್ಲಿ. ಯುದ್ಧಕಾಲದ ಹಣದ ಅಡಚಣೆಯಿಂದ ಕೇಂದ್ರವು ಕೆಲವೇ ವರ್ಷಗಳಲ್ಲಿ ಮುಚ್ಚಿಹೋಯಿತು. ಆದರೆ ಅಲ್ಲಿ ಕಲಿತವರು ದೇಶದ ಹಲವೆಡೆಗಳಲ್ಲಿ ಹೊಸ ನೃತ್ಯಕ್ಕೆ ದಾರಿ ಮಾಡಿದರು.

ಉದಯಶಂಕರರು ರಚಿಸಿದ ನೃತ್ಯರೂಪಕಗಳಲ್ಲಿ ಒಂದಕ್ಕೆ ‘ಶ್ರಮ ಮತ್ತು ಯಂತ್ರ’ ಎಂದು ಅರ್ಥ ಬರುವ ಹೆಸರಿತ್ತು. ದೇವಾನುದೇವತೆಗಳಲ್ಲ, ಯಂತ್ರಗಳೊಡನೆ ದುಡಿಯುವ ಮನುಷ್ಯರೇ ಅದರ ವಸ್ತು. ಈ ಸಂಗತಿಯು ಭದ್ರಾವತಿಯ ಮಕ್ಕಳಿಗೆ ವಿಶೇಷವಾಗಿ ಹತ್ತಿರವಾದುದು. ಹಿಂದೆ ಬೆಂಕಿಪುರವೆಂದು ಕರೆಸಿಕೊಂಡಿದ್ದ ಈ ಊರಿನಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆಯು ಕೆಲಸವನ್ನು ಪ್ರಾರಂಭಿಸಿತು. ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಕಾಡುಗಳ ಇದ್ದಿಲಿನಿಂದ ಕರಗಿಸಿ ಕಬ್ಬಿಣ ಮಾಡಲಾಗುತ್ತಿತ್ತು. 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಹೊಗೆಕೊಳವೆಗಳ ನೆರಳಿನಲ್ಲಿ ತಲೆಮಾರುಗಳು ಬೆಳೆದವು. ಮುಂದೆ ಕಾಲ ಬದಲಾಯಿತು. ಕಾರ್ಖಾನೆಗಳ ವೈಭವ ಕುಗ್ಗಿತು. ಆದರೆ ಕುಲುಮೆಯ ಕಾವಿಗೆ ಮುಖವನ್ನು ಓರೆ ಮಾಡಿ ನಿಲ್ಲುವ ಬಗೆ, ಸರಳನ್ನು ಇಬ್ಬರು ಒಂದೇ ಲಯದಲ್ಲಿ ಹೊತ್ತು ನಡೆಯುವ ಬಗೆ, ಪಾಳಿ ಮುಗಿದ ಮೇಲೆ ಹೆಗಲು ಜೋಲುವ ಬಗೆ, ಇವು ಯಾವ ಪುಸ್ತಕದಲ್ಲಿಯೂ ಬರೆದಿಟ್ಟ ಹೆಜ್ಜೆಗಳಲ್ಲ. ದುಡಿದವರ ದೇಹಗಳಲ್ಲಿ ಮಾತ್ರ ಅವು ಉಳಿದಿರುತ್ತವೆ. ಅಜ್ಜನು ಎದ್ದು ನಿಂತು ತೋರಿಸಿದರೆ ಮೊಮ್ಮಗಳು ನೋಡಿ ಕಲಿಯಬಹುದು. ಅವನು ತೋರಿಸದೆ ಹೋದರೆ ಅವು ಅವನೊಡನೆಯೇ ಮರೆಯಾಗುತ್ತವೆ.

ಕರ್ನಾಟಕದಲ್ಲಿಯೂ ನೃತ್ಯದ ಹೊಸ ದಾರಿಯನ್ನು ತುಳಿದವರು ಅನೇಕರಿದ್ದಾರೆ. ಶಿವರಾಮ ಕಾರಂತರು ಯಕ್ಷಗಾನದಿಂದ ಮಾತನ್ನು ಬಿಡಿಸಿ, ಚಲನೆ ಮತ್ತು ಸಂಗೀತಗಳಿಂದಲೇ ಕಥೆಯನ್ನು ಹೇಳುವ ಪ್ರಯೋಗಗಳನ್ನು ಮಾಡಿದರು. ಪುತ್ತೂರಿನ ಬಾಲವನದಲ್ಲಿ ಮಕ್ಕಳಿಗೆ ಆಟ, ಕುಣಿತಗಳ ಮೂಲಕ ಪಾಠ ಹೇಳಿದರು. 1928ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಮಾಯಾ ರಾವ್ ಅವರು ಶಂಭು ಮಹಾರಾಜರಲ್ಲಿ ಕಥಕ್ಕನ್ನು ಕಲಿತು, 1960ರ ದಶಕದಲ್ಲಿ ಸೋವಿಯತ್ ದೇಶದಲ್ಲಿ ನೃತ್ಯಸಂಯೋಜನೆಯನ್ನು ಅಧ್ಯಯನ ಮಾಡಿ ಬಂದರು. ನೃತ್ಯ ಮಾಡುವುದು ಒಂದು ವಿದ್ಯೆ, ನೃತ್ಯವನ್ನು ಕಟ್ಟುವುದು ಇನ್ನೊಂದು ವಿದ್ಯೆ ಎಂದು ತಿಳಿದ ಅವರು ಅದಕ್ಕಾಗಿಯೇ ಮೊದಲು ದೆಹಲಿಯಲ್ಲಿ, 1987ರಿಂದ ಬೆಂಗಳೂರಿನಲ್ಲಿ ಶಿಕ್ಷಣ ಸಂಸ್ಥೆಯನ್ನು ನಡೆಸಿದರು. ಅವರ ಮಗಳು ಮಧು ನಟರಾಜ್ ಅವರು 1995ರಲ್ಲಿ ಸಮಕಾಲೀನ ನೃತ್ಯದ ತಂಡವೊಂದನ್ನು ಕಟ್ಟಿದರು. ಬೆಂಗಳೂರಿನ ಅಟ್ಟಕ್ಕಳರಿ ಸಂಸ್ಥೆಯಲ್ಲಿ ಜಯಚಂದ್ರನ್ ಪಾಲಾಳಿ ಅವರು ಕಳರಿಪಯಟ್ಟು, ಭರತನಾಟ್ಯಗಳ ದೇಹಜ್ಞಾನವನ್ನೂ ಪಾಶ್ಚಾತ್ಯ ನೃತ್ಯಶಿಕ್ಷಣವನ್ನೂ ಒಂದೆಡೆಗೆ ತಂದರು. ಇವರಲ್ಲಿ ಯಾರೂ ಪರಂಪರೆಯನ್ನು ಹಳತೆಂದು ಎಸೆದವರಲ್ಲ. ಅದನ್ನು ಚೆನ್ನಾಗಿ ಕಲಿತು, ಅನಂತರ ಅದಕ್ಕೆ ಹೊಸ ಪ್ರಶ್ನೆಗಳನ್ನು ಕೇಳಿದವರು.

ಇಂತಹ ಶಿಕ್ಷಣವು ಮಹಾನಗರಗಳಿಗೆ ಮಾತ್ರ ಮೀಸಲೆಂದು ತಿಳಿಯಬೇಕಾಗಿಲ್ಲ. ಶಿವಮೊಗ್ಗ ಜಿಲ್ಲೆಯದೇ ಆದ ಹೆಗ್ಗೋಡು ಸಾಗರ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಅಲ್ಲಿ 1949ರಲ್ಲಿ ನೀನಾಸಮ್ ಸಂಸ್ಥೆ ಹುಟ್ಟಿತು. ಕೆ. ವಿ. ಸುಬ್ಬಣ್ಣನವರ ನೇತೃತ್ವದಲ್ಲಿ 1980ರಲ್ಲಿ ರಂಗಶಿಕ್ಷಣ ಕೇಂದ್ರವೂ, 1985ರಲ್ಲಿ ‘ತಿರುಗಾಟ’ವೆಂಬ ಸಂಚಾರಿ ನಾಟಕ ತಂಡವೂ ಆರಂಭವಾದವು. ಅಡಕೆಯ ತೋಟಗಳ ನಡುವಿನ ಹಳ್ಳಿಯಲ್ಲಿ ಸಾಧ್ಯವಾದ ಶ್ರದ್ಧೆಯು ಕಾರ್ಖಾನೆಯ ಊರಿನಲ್ಲಿಯೂ ಸಾಧ್ಯ.

ಭದ್ರಾವತಿಯಂತಹ ಊರಿನಲ್ಲಿ ಒಂದು ನೃತ್ಯಶಿಬಿರ ಹೇಗೆ ನಡೆಯಬಹುದು? ಮುಂಜಾನೆಯ ತಂಪಿನಲ್ಲಿ, ಶಾಲೆಯ ಸಭಾಂಗಣದ ಬೆಂಚುಗಳನ್ನು ಗೋಡೆಗೆ ಸರಿಸಿ ಮಕ್ಕಳು ಬರಿಗಾಲಿನಲ್ಲಿ ನಿಲ್ಲುತ್ತಾರೆ. ಮೊದಲು ಕೀಲುಗಳನ್ನು ಸಡಿಲಿಸುವ, ಸ್ನಾಯುಗಳನ್ನು ಬಿಸಿಗೊಳಿಸುವ ವ್ಯಾಯಾಮ. ಇದನ್ನು ಬಿಟ್ಟರೆ ಉಳುಕು, ನೋವುಗಳು ತಪ್ಪಿದ್ದಲ್ಲ. ಅನಂತರ ನಡಿಗೆ. ಮೂವತ್ತು ಮಂದಿ ಒಂದೇ ಅಂಗಳದಲ್ಲಿ ಯಾರಿಗೂ ತಾಗದಂತೆ ನಡೆಯಬೇಕು. ಯಾರೂ ಹೇಳದೆ ಎಲ್ಲರೂ ಒಂದೇ ಕ್ಷಣದಲ್ಲಿ ನಿಲ್ಲಬೇಕು. ಕೇಳುವುದಕ್ಕೆ ಸುಲಭವಾದ ಈ ಅಭ್ಯಾಸದಲ್ಲಿ ಇತರರ ಇರವನ್ನು ಕಣ್ಣಂಚಿನಿಂದಲೇ ಅರಿಯುವ ಎಚ್ಚರ ಬೆಳೆಯುತ್ತದೆ. ಮಧ್ಯಾಹ್ನ ಮಕ್ಕಳು ಊರನ್ನು ನೋಡಲು ಹೊರಡುತ್ತಾರೆ. ಭದ್ರಾ ನದಿಯಲ್ಲಿ ಬಟ್ಟೆ ಒಗೆಯುವವರ ತೋಳು, ಸಂತೆಯಲ್ಲಿ ಮೂಟೆ ಹೊರುವವರ ಕುತ್ತಿಗೆ, ನಾಟಿ ಮಾಡುವವರ ಬಾಗಿದ ಸೊಂಟ, ಎಲ್ಲವೂ ಪಾಠವೇ. ಮರುದಿನ ಪ್ರತಿಯೊಬ್ಬರೂ ತಾವು ಕಂಡ ಒಂದೇ ಒಂದು ಚಲನೆಯನ್ನು ತಂದು ತೋರಿಸುತ್ತಾರೆ. ಅದನ್ನು ನಿಧಾನಗೊಳಿಸಿ, ಹಿಗ್ಗಿಸಿ, ಹಿಂದುಮುಂದಾಗಿಸಿ, ಇನ್ನೊಬ್ಬರ ಚಲನೆಯೊಡನೆ ಜೋಡಿಸಿದಾಗ ನೃತ್ಯವು ಮೊಳೆಯುತ್ತದೆ.

ಇಲ್ಲಿ ಶಿಕ್ಷಕರ ಹೊಣೆ ದೊಡ್ಡದು. ಒಂಬತ್ತನೆಯ ತರಗತಿಯ ವಯಸ್ಸಿನಲ್ಲಿ ತಮ್ಮ ದೇಹದ ಬಗ್ಗೆ ಸಂಕೋಚಪಡದ ಮಕ್ಕಳು ಕಡಮೆ. ಕುಳ್ಳಗಿರುವವನು, ದಪ್ಪಗಿರುವವಳು, ಒಂದು ಕಾಲು ಸೋತವನು ‘ನೃತ್ಯ ನನಗಲ್ಲ’ ಎಂದು ಮೂಲೆಗೆ ಸರಿಯುತ್ತಾರೆ. ಗಂಡು ಹುಡುಗರಿಗೆ ಇದೇಕೆ ಎಂದು ಹಾಸ್ಯ ಮಾಡುವವರೂ, ಹೆಣ್ಣುಮಕ್ಕಳನ್ನು ಇದಕ್ಕೆ ಕಳುಹಿಸಬಾರದೆಂದು ತಡೆಯುವವರೂ ಇದ್ದಾರೆ. ಒಂದೇ ಅಳತೆಯ ಹೆಜ್ಜೆಯನ್ನು ಎಲ್ಲರ ಮೇಲೆ ಹೇರುವ ಶಿಬಿರವು ಈ ಸಂಕೋಚವನ್ನು ಹೆಚ್ಚಿಸುತ್ತದೆ. ಪ್ರತಿಯೊಂದು ದೇಹಕ್ಕೂ ಅದರದೇ ಆದ ಚಲನೆಯುಂಟೆಂದು ನಂಬುವ ಶಿಕ್ಷಕರು ಅದನ್ನು ಕರಗಿಸುತ್ತಾರೆ. ಅವರು ವಿದ್ಯಾರ್ಥಿಯ ಒಪ್ಪಿಗೆಯಿಲ್ಲದೆ ಮೈಮುಟ್ಟಿ ತಿದ್ದುವುದಿಲ್ಲ; ಒಬ್ಬರನ್ನು ಇನ್ನೊಬ್ಬರಿಗೆ ಹೋಲಿಸಿ ಹಳಿಯುವುದಿಲ್ಲ.

ಇನ್ನೊಂದು ಹೊಣೆಯೂ ಇದೆ. ಶಿವಮೊಗ್ಗ ಸೀಮೆಯು ಡೊಳ್ಳು ಕುಣಿತಕ್ಕೆ ಹೆಸರಾದುದು. ಆ ಭಾರವಾದ ಡೊಳ್ಳನ್ನು ಹೊತ್ತು ಕುಣಿಯುವ ಶಕ್ತಿಯು ಬೀರೇಶ್ವರನ ಭಕ್ತರಾದ ಹಾಲುಮತದ ಜನರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಆಸ್ತಿ. ಹೊಸ ನೃತ್ಯವನ್ನು ಕಟ್ಟುವವರು ಅದರಿಂದ ಹೆಜ್ಜೆಯನ್ನು ಪಡೆಯಬಹುದು. ಆದರೆ ಆ ಕಲಾವಿದರನ್ನು ಗುರುಗಳೆಂದು ಕರೆದು, ಅವರ ಎದುರಿಗೆ ಕುಳಿತು ಕಲಿತು, ಅವರ ಹೆಸರನ್ನು ಹೇಳಿ ಪಡೆಯಬೇಕು. ದೂರದಿಂದ ನೋಡಿ ಎತ್ತಿಕೊಂಡದ್ದು ಅನುಕರಣೆಯಾಗುತ್ತದೆಯೇ ಹೊರತು ಕಲೆಯಾಗುವುದಿಲ್ಲ.

ಶಿಬಿರದ ಕೊನೆಯ ದಿನ ಪ್ರದರ್ಶನವಿರಲಿ. ಅದರಿಂದ ಮಕ್ಕಳಿಗೆ ಧೈರ್ಯ ಬರುತ್ತದೆ. ಆದರೆ ಶಿಬಿರದ ಫಲವನ್ನು ಚಪ್ಪಾಳೆಯಿಂದ ಅಳೆಯಬಾರದು. ಮೂಟೆ ಹೊರುವವನನ್ನು ಇದುವರೆಗೆ ಕಂಡೂ ಕಾಣದಂತೆ ದಾಟಿಹೋಗುತ್ತಿದ್ದ ಹುಡುಗನೊಬ್ಬನು ಈಗ ನಿಂತು, ಆ ಬೆನ್ನು ಹೊತ್ತ ಭಾರವನ್ನು ತನ್ನ ಬೆನ್ನಿನಲ್ಲಿ ಅರಿತರೆ ಅವನು ನೃತ್ಯದ ಮೊದಲ ಪಾಠವನ್ನು ಕಲಿತಂತಾಯಿತು. ಆ ಪಾಠವು ಜೂನ್ ತಿಂಗಳಲ್ಲಿ ಮರೆತುಹೋಗುವುದಿಲ್ಲ.

ಅಭ್ಯಾಸ

1. ಸಮಕಾಲೀನ ನೃತ್ಯದ ಶಿಕ್ಷಕರು ಹೆಜ್ಜೆಗಿಂತ ಹೆಚ್ಚಾಗಿ ಪ್ರಶ್ನೆಯನ್ನು ಕೊಡುತ್ತಾರೆ ಎಂಬ ಮಾತಿನ ಅರ್ಥವೇನು?
2. ಬೆನಿಂಗ್ಟನ್ ಶಾಲೆಯ ಆರು ವಾರಗಳ ಪಾಠ ಅನೇಕ ವರ್ಷಗಳ ಫಲವನ್ನು ಕೊಟ್ಟದ್ದು ಹೇಗೆ?
3. ಜಾನಪದ ಕಲೆಯಿಂದ ಹೆಜ್ಜೆಗಳನ್ನು ಪಡೆಯುವವರು ಹೇಗೆ ನಡೆದುಕೊಳ್ಳಬೇಕು?
4. ನಿಮ್ಮ ಮನೆಯ ಹಿರಿಯರು ಮಾಡುತ್ತಿದ್ದ ಒಂದು ಕೆಲಸದ ಚಲನೆಯನ್ನು ಕೇಳಿ, ನೋಡಿ ತಿಳಿದು, ಹತ್ತು ವಾಕ್ಯಗಳಲ್ಲಿ ವರ್ಣಿಸಿರಿ.