ಬೀದಿಮರ ವಾಹನದ ಮೇಲೆ ಬಿದ್ದರೆ: ನಷ್ಟ ವಸೂಲಿಗೆ ಒಂಬತ್ತು ಸೂತ್ರಗಳು

ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ ಬೆಂಗಳೂರಿನಲ್ಲಿ ಸಂಜೆ ಗುಡುಗು ಮಳೆ ಬಂತೆಂದರೆ ಯಾವುದೋ ಬೀದಿಯಲ್ಲಿ ಗುಲ್‌ಮೊಹರ್ ಒಂದು ಉರುಳಿತೆಂದೇ ಲೆಕ್ಕ. ಕೆಳಗೆ ನಿಲ್ಲಿಸಿದ್ದ ಕಾರು ಅಪ್ಪಚ್ಚಿ, ಸ್ಕೂಟರ್ ನಜ್ಜುಗುಜ್ಜು. ‘ಮರ ಪಾಲಿಕೆಯದು, ದುಡ್ಡೂ ಪಾಲಿಕೆಯೇ ಕೊಡಲಿ’ ಎನ್ನುತ್ತಾರೆ ವಾಹನದವರು. ‘ಗಾಳಿಗೆ ಬಿತ್ತು, ನಾವೇನು ಮಾಡೋಣ’ ಎನ್ನುತ್ತಾರೆ ಕಚೇರಿಯವರು. ಎರಡು ಮಾತೂ ಅರ್ಧ ಸರಿ. ಬೀಳುವ ಮೊದಲೇ ಆ ಮರದ ಅಪಾಯ ಕಣ್ಣಿಗೆ ಕಾಣುತ್ತಿತ್ತೇ? ಕಂಡವರು ಅದನ್ನು ಬರೆದು ತಿಳಿಸಿದ್ದರೇ? ಇವೆರಡಕ್ಕೆ ಉತ್ತರ ಹೌದು ಎಂದಿದ್ದರೆ ನಿಮ್ಮ ಕೈ ಮೇಲು.

1. ಹೊಣೆ ಎಲ್ಲಿ ಹುಟ್ಟುತ್ತದೆ ಎಂದು ತಿಳಿದುಕೊಳ್ಳಿ.

1964ರಲ್ಲಿ ದೆಹಲಿಯ ಯುವ ವ್ಯಾಪಾರಿಯೊಬ್ಬರು ದ್ವಿಚಕ್ರ ವಾಹನದಲ್ಲಿ ಮನೆಗೆ ಹೊರಟಿದ್ದಾಗ ರಸ್ತೆಬದಿಯ ಬೇವಿನ ಮರದ ಕೊಂಬೆ ತಲೆಯ ಮೇಲೆ ಮುರಿದುಬಿತ್ತು. ಅವರು ಉಳಿಯಲಿಲ್ಲ. ಮೊಕದ್ದಮೆ ಸುಪ್ರೀಂ ಕೋರ್ಟ್‌ನಲ್ಲಿ ಇತ್ಯರ್ಥವಾದದ್ದು 1999ರಲ್ಲಿ. ದೆಹಲಿ ಪಾಲಿಕೆಯೇ ಹೊಣೆ ಎಂದಿತು ಕೋರ್ಟ್. ಏಕೆಂದರೆ ಆ ಮರ ತೊಗಟೆ, ಎಲೆಗಳಿಲ್ಲದೆ ಒಣಗಿ ನಿಂತಿತ್ತು. ದಾರಿಹೋಕರ ಕಣ್ಣಿಗೂ ಕಾಣುವಂತಿದ್ದ ಅಪಾಯವನ್ನು ನೋಡಬೇಕಾದವರು ನೋಡಿರಲಿಲ್ಲ. ಇಂಗ್ಲೆಂಡಿನ 1926ರ ಪ್ರಕರಣವೊಂದು ಇದಕ್ಕೆ ತದ್ವಿರುದ್ಧ. ಅಲ್ಲಿ ಬೀಚ್ ಮರದ ಕೊಂಬೆ ಬಸ್ಸಿನ ಮೇಲೆ ಬಿದ್ದಿತ್ತು. ಆದರೆ ಒಳಗಿನ ದೋಷ ಹೊರಗೆ ಕಾಣುವಂತಿರಲಿಲ್ಲವಾದ್ದರಿಂದ ಜಮೀನಿನ ಮಾಲೀಕ ಪರಿಹಾರ ಕೊಡಬೇಕಾಗಲಿಲ್ಲ. ಮರ ಬಿದ್ದದ್ದಷ್ಟೇ ಸಾಲದು, ನಿರ್ಲಕ್ಷ್ಯವನ್ನು ನೀವು ತೋರಿಸಿಕೊಡಬೇಕು.

2. ಮರ ಯಾರದೆಂದು ಖಚಿತ ಮಾಡಿಕೊಳ್ಳಿ.

ಫುಟ್‌ಪಾತ್ ಮರ ಪಾಲಿಕೆಯದು. ಸರ್ಕಾರಿ ಕಚೇರಿಯ ಕಾಂಪೌಂಡಿನೊಳಗಿನದು ಆ ಇಲಾಖೆಯದು. ಪಕ್ಕದ ಮನೆಯದಾದರೆ ಮನೆಯ ಮಾಲೀಕರನ್ನು, ಅಪಾರ್ಟ್‌ಮೆಂಟಿನದಾದರೆ ನಿವಾಸಿಗಳ ಸಂಘವನ್ನು ಕೇಳಬೇಕು. ‘ಕಡಿಯಲು ಅನುಮತಿಯೇ ಸಿಗಲಿಲ್ಲ’ ಎಂದು ಖಾಸಗಿಯವರು ಹೇಳುವುದುಂಟು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಯ ಅನುಮತಿ ಬೇಕು ಎಂಬುದು ನಿಜ. ಹಾಗಿದ್ದರೆ ಅನುಮತಿ ಕೇಳಿದ ಅರ್ಜಿಯ ಪ್ರತಿ ಎಲ್ಲಿದೆ? ಅದನ್ನು ಕೇಳಿ ನೋಡಿ. ಬೆಂಗಳೂರಿಗರು ಇನ್ನೊಂದು ವಿಷಯ ಗಮನಿಸಬೇಕು: 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಇಲ್ಲ, ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಿವೆ. ನಿಮ್ಮ ಬೀದಿ ಯಾವ ಪಾಲಿಕೆಗೆ ಸೇರುತ್ತದೆಂದು ನೋಡಿಯೇ ಪತ್ರ ಬರೆಯಿರಿ.

3. ಥರ್ಡ್ ಪಾರ್ಟಿ ವಿಮೆಯೊಂದನ್ನೇ ನೆಚ್ಚಿಕೊಳ್ಳಬೇಡಿ.

ಕಾನೂನು ಕಡ್ಡಾಯ ಮಾಡಿರುವುದು ಥರ್ಡ್ ಪಾರ್ಟಿ ವಿಮೆಯನ್ನು ಮಾತ್ರ. ಮರ ಬಿದ್ದು ನಿಮ್ಮ ಗಾಡಿ ಹಾಳಾದರೆ ಅದರಿಂದ ಒಂದು ಪೈಸೆಯೂ ಬರುವುದಿಲ್ಲ. ‘ಓನ್ ಡ್ಯಾಮೇಜ್’ ವಿಮೆಯೇ ಬೇಕು. ಸ್ಕೂಟರ್, ಬೈಕ್ ಇಟ್ಟುಕೊಂಡವರು ಇಲ್ಲಿ ಹೆಚ್ಚು ಏಮಾರುತ್ತಾರೆ. 2018ರಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಬರುತ್ತದೆ. ಅದರ ಜೊತೆಗಿದ್ದ ಓನ್ ಡ್ಯಾಮೇಜ್ ಭಾಗ ಸಾಮಾನ್ಯವಾಗಿ ಮೊದಲ ವರ್ಷಕ್ಕೇ ಮುಗಿದಿರುತ್ತದೆ, ‘ವಿಮೆ ಇದೆ’ ಎಂಬ ಧೈರ್ಯ ಮಾತ್ರ ಉಳಿದಿರುತ್ತದೆ. ಇಂದೇ ಪಾಲಿಸಿ ತೆಗೆದು ದಿನಾಂಕ ನೋಡಿ.

ಓನ್ ಡ್ಯಾಮೇಜ್ ಇದ್ದವರು ಮೊದಲು ವಿಮೆಯ ಬಾಗಿಲನ್ನೇ ತಟ್ಟಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಬಿರುಗಾಳಿಗೆ ಬಿತ್ತು ಎಂದರೆ ಪಾಲಿಕೆ ಹೊಣೆಯಿಂದ ಜಾರಿಕೊಳ್ಳಬಹುದು. ವಿಮಾ ಕಂಪನಿ ಹಾಗೆ ಜಾರಲಾಗದು, ಬಿರುಗಾಳಿಯ ನಷ್ಟವೂ ಪಾಲಿಸಿಯೊಳಗೇ ಸೇರಿದೆ. ಅಲ್ಲಿ ಯಾರ ತಪ್ಪನ್ನೂ ಸಾಬೀತು ಮಾಡಬೇಕಾಗಿಲ್ಲ.

4. ಮೊದಲ ಗಂಟೆಯಲ್ಲಿ ಗಾಡಿ ಮುಟ್ಟಬೇಡಿ.

ಮರದ ಜೊತೆ ವಿದ್ಯುತ್ ತಂತಿ ಹರಿದುಬಿದ್ದಿರಬಹುದು. ಮೊದಲು 1912ಕ್ಕೆ ಕರೆ ಮಾಡಿ ಬೆಸ್ಕಾಂಗೆ ತಿಳಿಸಿ. ವಿಮಾ ಕಂಪನಿಗೆ ಅದೇ ದಿನ ಹೇಳಿ, ಸರ್ವೇಯರ್ ನೋಡುವ ಮೊದಲು ರಿಪೇರಿಗೆ ಕೈ ಹಾಕಿಸಬೇಡಿ. ಪೊಲೀಸ್ ಠಾಣೆಯಲ್ಲಿ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.

5. ಕಾರಿಗಿಂತ ಹೆಚ್ಚು ಫೋಟೊ ಮರದ್ದಿರಲಿ.

ಎಲ್ಲರೂ ಮುರಿದ ಗಾಜು, ತಗ್ಗಾದ ಬಾನೆಟ್‌ಗಳ ಫೋಟೊ ತೆಗೆಯುತ್ತಾರೆ. ಅವು ನಷ್ಟವನ್ನು ತೋರಿಸುತ್ತವೆ, ನಿರ್ಲಕ್ಷ್ಯವನ್ನಲ್ಲ. ನಿರ್ಲಕ್ಷ್ಯದ ಸಾಕ್ಷಿ ಇರುವುದು ಮರದ ಬುಡದಲ್ಲಿ, ಅದೂ ಕೆಲವೇ ಗಂಟೆಗಳ ಕಾಲ. ಪಾಲಿಕೆಯ ತಂಡ ಗರಗಸ ಹಿಡಿದು ಬಂದು, ತುಂಡು ಮಾಡಿ, ಲಾರಿಗೆ ತುಂಬಿದರೆ ಮುಗಿಯಿತು. ರಸ್ತೆ ತೆರವು ಅವರ ಕರ್ತವ್ಯ, ತಡೆಯಬೇಡಿ. ಅವರು ಬರುವ ಮೊದಲು ನಿಮ್ಮ ಕೆಲಸ ಮುಗಿದಿರಲಿ.

ಏನೇನು ನೋಡಬೇಕು? ಮುರಿದ ಜಾಗದಲ್ಲಿ ಮರ ಬೆಳ್ಳಗೆ, ನಾರುನಾರಾಗಿ ಸೀಳಿದ್ದರೆ ಅದು ಗಟ್ಟಿಮರ. ಕಂದು ಅಥವಾ ಕಪ್ಪಗಾಗಿ, ಬೆರಳಿಗೆ ಪುಡಿಯಾಗುವಂತಿದ್ದರೆ ಕೊಳೆತು ಬಹಳ ಕಾಲವಾಗಿದೆ. ಕಾಂಡದ ಟೊಳ್ಳು, ಗೆದ್ದಲಿನ ಮಣ್ಣು, ಬುಡಕ್ಕೆ ಅಂಟಿ ಬೆಳೆದ ಅಣಬೆ, ಎಲೆಯಿಲ್ಲದ ಒಣಕೊಂಬೆ ಒಂದನ್ನೂ ಬಿಡಬೇಡಿ. ಬೇರಿನ ತುದಿಗಳನ್ನು ಹತ್ತಿರದಿಂದ ತೆಗೆಯಿರಿ. ಬೇರು ತಾನಾಗಿ ಹರಿದರೆ ತುದಿ ಸಿಗುರು ಸಿಗುರಾಗಿರುತ್ತದೆ. ಜೆಸಿಬಿಯೋ ಗರಗಸವೋ ಕತ್ತರಿಸಿದ್ದರೆ ತುದಿ ಮೊಂಡಾಗಿರುತ್ತದೆ; ಹಳೆಯ ಗಾಯವಾದರೆ ಕಪ್ಪುಗಟ್ಟಿರುತ್ತದೆ. ಪೈಪು, ಕೇಬಲ್, ಚರಂಡಿಗೆಂದು ಅಗೆದವರು ಒಂದು ಬದಿಯ ಬೇರನ್ನೇ ಕಡಿದುಹಾಕಿದ್ದರೆ ಅಲ್ಲೇ ಗೊತ್ತಾಗುತ್ತದೆ. ಆಗ ಪ್ರಶ್ನೆ ಅಗೆಸಿದ ಸಂಸ್ಥೆಗೂ ಗುತ್ತಿಗೆದಾರರಿಗೂ ಹೋಗುತ್ತದೆ. ಪಕ್ಕದಲ್ಲಿ ಅಳತೆ ಪಟ್ಟಿ ಇಟ್ಟು, ರಸ್ತೆಯ ಫಲಕ ಒಂದರಲ್ಲಾದರೂ ಕಾಣುವಂತೆ ತೆಗೆದರೆ ನಾಳೆ ಯಾರೂ ‘ಇದು ಬೇರೆ ಮರ’ ಎನ್ನಲಾರರು. ನೋಡಿದ ಇಬ್ಬರು ನೆರೆಯವರಿಂದ ಸಹಿ ಮಾಡಿದ ಹೇಳಿಕೆಯನ್ನೂ ಪಡೆಯಿರಿ.

6. ಮೊದಲೇ ದೂರು ಹೋಗಿತ್ತೇ ಎಂದು ಹುಡುಕಿ.

ಬೀದಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ, ನಿವಾಸಿಗಳ ಸಂಘದ ಫೈಲಿನಲ್ಲಿ ‘ಈ ಮರ ವಾಲಿದೆ, ಬಂದು ನೋಡಿ’ ಎಂಬ ಹಳೆಯ ಪತ್ರವೋ 1533 ಸಹಾಯವಾಣಿಯ ದೂರು ಸಂಖ್ಯೆಯೋ ಇರಬಹುದು. ಅದು ಸಿಕ್ಕರೆ ‘ನಮಗೆ ತಿಳಿದೇ ಇರಲಿಲ್ಲ’ ಎಂಬ ಉತ್ತರಕ್ಕೆ ಜಾಗವಿರುವುದಿಲ್ಲ. ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ: ಆ ರಸ್ತೆಯ ಮರಗಳ ಬಗ್ಗೆ ಬಂದ ದೂರುಗಳು, ಪರಿಶೀಲನೆಯ ದಾಖಲೆ, ಕೊಂಬೆ ಸವರಿದ ದಿನಾಂಕ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯದ ಬಗ್ಗೆ ಇರಬೇಕು. ಈ ನೆಪದಲ್ಲಿ ಎಷ್ಟೋ ಅರ್ಜಿ ವಾಪಸಾಗುತ್ತವೆ. ‘ಯಾವ ದಾಖಲೆಯೂ ಇಲ್ಲ’ ಎಂಬ ಹಿಂಬರಹ ಬಂದರೆ ಬೇಸರಪಡಬೇಡಿ. ಆ ಮರವನ್ನು ಯಾರೂ ಪರಿಶೀಲಿಸಿಯೇ ಇರಲಿಲ್ಲ ಎಂದು ವಾದಿಸಲು ಆ ಕಾಗದವೇ ಆಧಾರ.

7. ಆ ದಿನದ ಗಾಳಿಯ ಲೆಕ್ಕ ತೆಗೆಸಿ.

ಹವಾಮಾನ ಇಲಾಖೆ ಮತ್ತು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಬಳಿ ಮಳೆ, ಗಾಳಿಯ ದಾಖಲೆ ಇರುತ್ತದೆ. ಪ್ರತಿ ಮೇ ತಿಂಗಳಲ್ಲೂ ಬೀಸುವಂಥ ಗಾಳಿಯೇ ಆಗಿದ್ದರೆ ‘ದೈವದ ಆಟ’ ಎಂಬ ವಾದ ದುರ್ಬಲವಾಗುತ್ತದೆ.

8. ಎಷ್ಟು ಕೇಳಬೇಕೋ ಅಷ್ಟೇ ಕೇಳಿ, ಬೇಗ ಕೇಳಿ.

ಒಂದೇ ನಷ್ಟವನ್ನು ವಿಮೆಯಿಂದಲೂ ಪಾಲಿಕೆಯಿಂದಲೂ ಪಡೆಯುವಂತಿಲ್ಲ. ನಿಮಗೆ ಹಣ ಕೊಟ್ಟ ವಿಮಾ ಕಂಪನಿಗೇ ಪಾಲಿಕೆಯಿಂದ ವಸೂಲು ಮಾಡುವ ಹಕ್ಕು ದಾಟುತ್ತದೆ. ಆದರೆ ವಿಮೆ ತುಂಬದ ಭಾಗ ಚಿಕ್ಕದಲ್ಲ. ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಸಾಮಾನ್ಯ ಪಾಲಿಸಿಯಲ್ಲಿ ಅರ್ಧ ಬೆಲೆ ಕಡಿತ, ಕ್ಲೇಮ್ ಮಾಡಿದ್ದಕ್ಕೆ 50%ರವರೆಗೂ ಬೆಳೆದಿರಬಹುದಾದ ನೋ ಕ್ಲೇಮ್ ಬೋನಸ್ ನಷ್ಟ, ಟೋಯಿಂಗ್ ಖರ್ಚು, ಗಾಡಿ ಗ್ಯಾರೇಜಿನಲ್ಲಿದ್ದಷ್ಟು ದಿನದ ಆಟೊ ಬಾಡಿಗೆ. ಇವನ್ನು ರಸೀದಿಗಳೊಂದಿಗೆ ಪಾಲಿಕೆಗೆ ಬರೆದು ಕೇಳಿ, ಟಪಾಲು ವಿಭಾಗದ ಮೊಹರು ಬಿದ್ದ ಪ್ರತಿ ಇಟ್ಟುಕೊಳ್ಳಿ. ಪಾಲಿಕೆಯ ಮೇಲೆ ದಾವೆ ಹೂಡುವ ಮುನ್ನ ನೋಟಿಸ್ ಕೊಟ್ಟು ಕಾಯಬೇಕು, ಕಾಲಮಿತಿಯೂ ಬಿಗಿ. ಮೊದಲ ತಿಂಗಳಲ್ಲೇ ವಕೀಲರನ್ನು ಕಾಣಿ. ನೋ ಪಾರ್ಕಿಂಗ್ ಫಲಕದಡಿ ಗಾಡಿ ನಿಲ್ಲಿಸಿದ್ದರೆ ಅದನ್ನೂ ಅವರಿಗೆ ಮುಚ್ಚಿಡದೆ ಹೇಳಿ. ತಗಾದೆ ವಿಮಾ ಕಂಪನಿಯೊಂದಿಗಾದರೆ ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್ ಕಚೇರಿಯಿದೆ, ಜಿಲ್ಲಾ ಗ್ರಾಹಕರ ಆಯೋಗವೂ ಇದೆ.

9. ಬೀಳದ ಮರಗಳ ಬಗ್ಗೆ ಈಗಲೇ ಬರೆಯಿರಿ. ಆದರೆ ಕಡಿಯಿರಿ ಎನ್ನಬೇಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಮಾರ್ಚ್‌ನಲ್ಲೇ ಬೀದಿಯವರೆಲ್ಲ ಒಮ್ಮೆ ನಡೆದು, ಟೊಳ್ಳು, ಅಣಬೆ, ವಾಲುವಿಕೆ, ಒಣಕೊಂಬೆ ಕಂಡ ಮರಗಳನ್ನು ಪಟ್ಟಿ ಮಾಡಿ, ಫೋಟೊ ಸಮೇತ ಪಾಲಿಕೆಯ ಅರಣ್ಯ ವಿಭಾಗಕ್ಕೆ ಕೊಟ್ಟು ಸ್ವೀಕೃತಿ ಪಡೆಯಬೇಕು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಬೆಂಗಳೂರಿನ ಬೀದಿಗಳಲ್ಲಿ ಸುಮಾರು 15 ಲಕ್ಷ ಗಿಡ ನೆಡಿಸಿದರು. ಅವುಗಳಲ್ಲಿ ಉಳಿದವು ಈಗ ನಡುವಯಸ್ಸಿನ ಮರಗಳು. ಅವು ತಮ್ಮಷ್ಟಕ್ಕೆ ತಾವು ಬೀಳುವುದು ಕಡಿಮೆ. ನಾವು ಬೇರು ಕಡಿದು, ತಂತಿಗೆ ತಾಗುವ ಒಂದೇ ಪಕ್ಕದ ಕೊಂಬೆ ಸವರಿ, ಬುಡದವರೆಗೆ ಕಾಂಕ್ರೀಟ್ ಸುರಿದು ಬೀಳಿಸುತ್ತೇವೆ. ಮರಗಳ ಸುತ್ತ ಒಂದು ಮೀಟರ್‌ವರೆಗಿನ ಕಾಂಕ್ರೀಟ್ ತೆಗೆಯುವಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ದೆಹಲಿಯ ಸಂಸ್ಥೆಗಳಿಗೆ ಆದೇಶಿಸಿತ್ತು. ನಿಮ್ಮ ಅರ್ಜಿಯಲ್ಲೂ ಅದನ್ನೇ ಕೇಳಿ: ಬುಡದ ಕಾಂಕ್ರೀಟ್ ಬಿಡಿಸಿ, ಒಣಕೊಂಬೆ ಇಳಿಸಿ, ಭಾರ ಸರಿದೂಗುವಂತೆ ಎರಡೂ ಬದಿ ಸವರಿ, ರಸ್ತೆ ಅಗೆಯುವ ದಿನ ಅರಣ್ಯ ವಿಭಾಗದವರೊಬ್ಬರನ್ನು ನಿಲ್ಲಿಸಿ.