ಎಸ್‌ಎಸ್‌ಎಚ್ ಮುಚ್ಚಿದೆ, ಇನ್ನೊಂದು ಬಾಗಿಲಿದೆ

ಗಾಬರಿಯಾಗಬೇಡಿ. ಫೈರ್‌ವಾಲ್ ನಿಯಮ ತಪ್ಪಿ ಎಸ್‌ಎಸ್‌ಎಚ್ ಬಂದ್ ಆಗಿದೆ ಅಷ್ಟೇ, ಸರ್ವರ್ ಸತ್ತಿಲ್ಲ. ಅದರ ಮದರ್‌ಬೋರ್ಡ್ ಮೇಲೆ ಬಿಎಂಸಿ ಎಂಬ ಪುಟ್ಟ ಕಂಪ್ಯೂಟರ್ ಬೇರೆಯೇ ಇದೆ. ಮುಖ್ಯ ಯಂತ್ರ ಆಫ್ ಆಗಿದ್ದರೂ ಕರೆಂಟ್ ಇರುವಷ್ಟು ಹೊತ್ತು ಅದು ಎಚ್ಚರವಾಗಿರುತ್ತದೆ. ಅದರ ಮೂಲಕ ಸರ್ವರ್‌ನ ಸೀರಿಯಲ್ ಕನ್ಸೋಲ್ ತೆರೆಯಲು ಆಫೀಸಿನ ವಿಪಿಎನ್ ಹಿಡಿದು, ಐಪಿಎಂಐಟೂಲ್‌ನಲ್ಲಿ ‘ಸೋಲ್ ಆಕ್ಟಿವೇಟ್’ ಕೊಡಿ. ಪರದೆ ಖಾಲಿ ಕಂಡರೆ ಒಮ್ಮೆ ಎಂಟರ್ ಒತ್ತಿ, ಲಾಗಿನ್ ಕೇಳುತ್ತದೆ. ಕೇಳದಿದ್ದರೆ ಲಿನಕ್ಸ್‌ಗೆ ಸೀರಿಯಲ್ ಕನ್ಸೋಲ್ ತೋರಿಸಿಕೊಟ್ಟಿಲ್ಲ ಎಂದೇ ಬಹುಪಾಲು ಅರ್ಥ. ಅರ್ಥವಿಲ್ಲದ ಅಕ್ಷರಗಳು ಸುರಿದರೆ ಎರಡೂ ಕಡೆಯ ವೇಗ ಹೊಂದಿಲ್ಲ; 115200 ಇಟ್ಟು ನೋಡಿ.

ಒಂದು ಮಾತು ಒತ್ತಿ ಹೇಳುತ್ತೇನೆ: ಕೆಲಸ ಮುಗಿದ ಮೇಲೆ ಮೊದಲು ಲಾಗೌಟ್ ಆಗಿ, ಆಮೇಲೆ ಕನ್ಸೋಲ್ ಬಿಡಿ. ಕಿಟಕಿ ಮಾತ್ರ ಮುಚ್ಚಿದರೆ ನಿಮ್ಮ ರೂಟ್ ಶೆಲ್ ತೆರೆದೇ ಉಳಿದು, ನಂತರ ಬಂದವರ ಕೈಗೆ ಸಿಗುತ್ತದೆ.