ಸತ್ತವರ ಹಬ್ಬಕ್ಕೆ ಬರುವವರಿಗೆ ಕಟ್ಟುನಿಟ್ಟಿನ ಸೂಚನೆ

ಭಾದ್ರಪದದ ಜೋಕುಮಾರನಿಂದ ಹಿಡಿದು ನವೆಂಬರ್ 2ರ ಆತ್ಮಗಳ ದಿನದವರೆಗೆ, ಬೆಳಗಾವಿ–ಖಾನಾಪುರ ಸೀಮೆಯಲ್ಲಿ ಸತ್ತವರನ್ನು ನೆನೆಯುವ ದಿನಗಳು ಒಂದರ ಬೆನ್ನಿಗೊಂದು ಬರುತ್ತವೆ. ಈಚೆಗೆ ಇವುಗಳ ನಡುವೆ ಅಕ್ಟೋಬರ್ 31ರ ಹ್ಯಾಲೋವೀನ್ ಕೂಡ ಬಂದು ಕೂತಿದೆ. ಬರಲಿ, ತಕರಾರಿಲ್ಲ. ಆದರೆ ಮೊಬೈಲ್ ಹಿಡಿದು ಕೋಟೆಯ ಕತ್ತಲಲ್ಲಿ, ಗೋರಿಗಳ ನಡುವೆ, ಹೊಳೆದಂಡೆಯಲ್ಲಿ ದೆವ್ವ ಹುಡುಕುವವರು ಇದನ್ನು ಓದಿಯೇ ಮನೆ ಬಿಡಬೇಕು. ಪ್ರತಿ ಗೋರಿಗೂ ಪ್ರತಿ ಎಡೆಗೂ ಒಂದು ಮನೆತನವಿದೆ. ಅವರನ್ನು ಕೇಳದೆ ಕೈ ಇಡಬೇಡಿ.

ಕೋಟೆಯೊಳಗೆ

ಬೆಳಗಾವಿ ಕೋಟೆಗೆ ಹೊತ್ತು ಮುಳುಗಿದ ಮೇಲೆ ಹೋಗಬೇಡಿ. ಮುಖವಾಡ, ಹೊಗೆ ಡಬ್ಬಿ, ಪಟಾಕಿ ಒಯ್ಯಬೇಡಿ. ಕೋಟೆಯೊಳಗೆ ಸೇನೆಯ ಜಾಗವಿದೆ. ಅಲ್ಲಿ ಕ್ಯಾಮೆರಾ ಎತ್ತಬೇಡಿ, ಡ್ರೋನ್ ಹಾರಿಸುವ ಯೋಚನೆಯನ್ನೂ ಮಾಡಬೇಡಿ. ರಟ್ಟ ದೊರೆ ನಾಲ್ಕನೇ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರಲ್ಲಿ ಕಟ್ಟಿಸಿದ ಕಮಲ ಬಸದಿ ಇಲ್ಲಿದೆ, ಅಸದ್ ಖಾನನ ಹೆಸರಿನೊಂದಿಗೆ ಬೆಸೆದ ಸಫಾ ಮಸೀದಿಯೂ ಇದೆ. ಈ ಕಲ್ಲುಗಳ ಮೇಲೆ ನಿಮ್ಮ ಹೆಸರಾಗಲಿ, ನಿಮ್ಮ ಗೆಳತಿಯ ಹೆಸರಾಗಲಿ ಕೆತ್ತಬೇಡಿ. ಕೋಟೆಯಲ್ಲಿ ದೆವ್ವವಿಲ್ಲ. ಹಾವಿವೆ, ಬಾವಲಿಗಳಿವೆ, ಕಂದಕವಿದೆ. ಹೆದರುವುದಿದ್ದರೆ ಅವಕ್ಕೆ ಹೆದರಿ.

ಹಗಲಿನಲ್ಲಿ ಹೋಗಿ. ಬಸದಿಗೆ ಚಪ್ಪಲಿ ಬಿಟ್ಟು ಒಳಗೆ ಬನ್ನಿ. ಜೈನರಲ್ಲಿ ಪಿಂಡ ಇಡುವ ಕ್ರಮವಿಲ್ಲ. ದೀಪಾವಳಿ ಅಮಾವಾಸ್ಯೆ ಅವರಿಗೆ ಮಹಾವೀರರ ನಿರ್ವಾಣದ ದಿನ. ಬೆಳಗಿನ ಜಾವ ನಿರ್ವಾಣ ಲಾಡು ಅರ್ಪಿಸುವ ಹೊತ್ತಿಗೆ ಹತ್ತಿರದಲ್ಲಿ ಪಟಾಕಿ ಹೊಡೆಯಬಾರದು. ಅಂದಹಾಗೆ, ಮಕ್ಕಳು ದೀಪಾವಳಿಗೆ ಅಂಗಳದಲ್ಲಿ ಮಣ್ಣಿನ ಕಿಲ್ಲಾ ಕಟ್ಟುವ ಊರಿದು. ಕೋಟೆಯ ಹುಚ್ಚು ಇದ್ದವರು ಅವರ ಜೊತೆ ಕೂತು ಮಣ್ಣು ಕಲಸಿ.

ಓಣಿಯಲ್ಲಿ, ಜೋಕುಮಾರ ಬಂದಾಗ

ಗಣಪ ಕಡಬು ತಿಂದು ಹೋಗಿ ಭೂಮಿಯಲ್ಲಿ ಎಲ್ಲ ಸುಖ ಎನ್ನುತ್ತಾನೆ. ಜೋಕುಮಾರ ಬಂದು ಒಣಗಿದ ಹೊಲ ನೋಡಿ ಶಿವನಿಗೆ ವರದಿ ಒಪ್ಪಿಸಿ ಮಳೆ ತರಿಸುತ್ತಾನೆ. ಉತ್ತರ ಕರ್ನಾಟಕದ ನಂಬಿಕೆ ಇದು. ಅಂಬಿಗರ ಹೆಣ್ಣುಮಕ್ಕಳು ಬೇವಿನ ಸೊಪ್ಪಿನ ಬುಟ್ಟಿಯಲ್ಲಿ, ಬಾಯಿಗೆ ಬೆಣ್ಣೆ ಸವರಿದ ಮಣ್ಣಿನ ಮೂರ್ತಿ ಹೊತ್ತು ಮನೆಮನೆಗೆ ಬರುತ್ತಾರೆ. ಅನಂತನ ಹುಣ್ಣಿಮೆಯ ರಾತ್ರಿ ಅವನ ಕೊಲೆಯಾಗುತ್ತದೆ, ಮರುದಿನವೇ ಪಿತೃಪಕ್ಷ ಹಿಡಿಯುತ್ತದೆ. ಏಳು ದಿನದ ಬದುಕು, ಕೊಲೆ, ಅಳು, ಹೊಳೆಗೆ ಹೋಗಲು ಅಂಜುವ ದಿನಗಳು: ನಮ್ಮ ಸೀಮೆಯಲ್ಲಿ ಮೈ ಜುಂ ಎನ್ನಿಸುವ ಹಬ್ಬ ಬೇಕಾದವರು ಅಮೆರಿಕದ ತನಕ ಹೋಗಬೇಕಿಲ್ಲ.

ಬುಟ್ಟಿ ಬಂದಾಗ ಮೊರದಲ್ಲಿ ಜೋಳವೋ ಅಕ್ಕಿಯೋ ತುಂಬಿ ಕೊಡಿ. ಹೊತ್ತವ್ವನಿಗೆ ಕೂರಲು ಜಾಗ ಕೊಡಿ, ನೀರು ಕೊಡಿ. ಮೂರ್ತಿಯ ಮೈ ನೋಡಿ ಹಲ್ಲು ಕಿರಿಯಬೇಡಿ. ಹಾಡುವವರ ಮುಖಕ್ಕೆ ಮೊಬೈಲ್ ಒಡ್ಡಿ, ಕಾಳು ಮಾತ್ರ ಕೊಡದೆ ಕಳಿಸುವವರು ಬಹಳ ಆಗಿದ್ದಾರೆ. ಇದು ನಿಲ್ಲಬೇಕು.

ಮನೆಯಲ್ಲಿ, ಹೊಳೆದಂಡೆಯಲ್ಲಿ

ಪಿತೃಪಕ್ಷದಲ್ಲಿ ಯಾರ ಮನೆಗೆ ಊಟಕ್ಕೆ ಕರೆದರೂ ಹೋಗಿ, ಹೊತ್ತಿಗೆ ಸರಿಯಾಗಿ ಹೋಗಿ. ಎಡೆ ಇಡುವ ಮುಂಚೆ ತಿನ್ನಲು ಕೇಳಬೇಡಿ. ಕಾಗೆ ಮುಟ್ಟುವ ತನಕ ಮನೆಯ ಹಿರಿಯರು ಉಪವಾಸ ಇರುತ್ತಾರೆ. ಕಾಗೆ ತಡ ಮಾಡಿದರೆ ‘ಅಜ್ಜಗ ಸಿಟ್ಟು ಬಂದೈತೇನು’ ಎಂದು ನಗೆ ಮಾಡಬೇಡಿ. ಆ ಮಾತನ್ನು ಮನೆಯವರೇ ಆಡುತ್ತಾರೆ, ಅವರಿಗೆ ಆ ಹಕ್ಕಿದೆ. ಮರಾಠಿ ಮನೆಗಳಲ್ಲಿ, ಬ್ರಾಹ್ಮಣ ಮನೆಗಳಲ್ಲಿ ಮುತ್ತೈದೆಯಾಗಿ ಸತ್ತವರಿಗೆ ಅವಿಧವಾ ನವಮಿ, ಅಪಘಾತ–ಆಯುಧದಿಂದ ಸತ್ತವರಿಗೆ ಘಾತ ಚತುರ್ದಶಿ ಎಂದು ದಿನಗಳು ಬೇರೆ ಇವೆ. ಯಾವ ದಿನ ಎಂದು ತಿಳಿದ ಮೇಲೆ ಹೇಗೆ ಸತ್ತರು ಎಂದು ಕೆದಕಬೇಡಿ. ತಿಥಿ ಗೊತ್ತಿಲ್ಲದ ಎಲ್ಲರಿಗೂ ಮಹಾಲಯ ಅಮಾವಾಸ್ಯೆ ಇದೆ. ನಮ್ಮಲ್ಲಿ ಅದೇ ಹಿರಿಯರ ಹಬ್ಬ: ಹೊಸ ಬಟ್ಟೆ, ಹೋಳಿಗೆ, ಕೆಲವು ಮನೆಗಳಲ್ಲಿ ಕುರಿ–ಕೋಳಿ. ಲಿಂಗಾಯತರ ಮನೆಯಲ್ಲಿ ಪಿಂಡ ಎಲ್ಲಿ ಎಂದು ಕೇಳಬೇಡಿ. ಅಲ್ಲಿ ಸತ್ತವರು ಲಿಂಗೈಕ್ಯರು, ಗದ್ದುಗೆಗೆ ವಿಭೂತಿ, ಪತ್ರಿ. ಹಾಗಿದ್ದೂ ಹಿರಿಯರ ಹೆಸರಲ್ಲಿ ಎಡೆ ಹಿಡಿಯುವ ಲಿಂಗಾಯತ ಮನೆಗಳು ಬಹಳ. ತಾತ್ವಿಕ ತಪ್ಪು ಹುಡುಕುವುದು ಊಟಕ್ಕೆ ಬಂದವರ ಕೆಲಸವಲ್ಲ.

ಹೊಳೆಯ ವಿಷಯದಲ್ಲಿ ಯಾವ ರಿಯಾಯಿತಿಯೂ ಇಲ್ಲ. ಮಲಪ್ರಭೆ ಕಣಕುಂಬಿಯಲ್ಲಿ ಹುಟ್ಟಿ ಖಾನಾಪುರ ದಾಟಿ ಸವದತ್ತಿಯ ನವಿಲುತೀರ್ಥ ಜಲಾಶಯ ಸೇರುತ್ತಾಳೆ. ಹುಬ್ಬಳ್ಳಿ–ಧಾರವಾಡ ಕುಡಿಯುವುದು ಆ ನೀರನ್ನೇ. ಎಳ್ಳು, ಅನ್ನ, ದರ್ಭೆ ಬಿಡಿ. ಪ್ಲಾಸ್ಟಿಕ್ ಚೀಲ, ಸತ್ತವರ ಹಾಸಿಗೆ–ಬಟ್ಟೆ, ಗಾಜಿನ ಚೌಕಟ್ಟಿನ ಫೋಟೊ ಬಿಡಬೇಡಿ. ಬೆಳಗಾವಿಯ ಕೋಟೆ ಕೆರೆಗೆ ಏನನ್ನೂ ಬಿಡಬೇಡಿ.

ಸ್ಮಶಾನದಲ್ಲಿ

ನವೆಂಬರ್ 1 ಸಂತರ ದಿನ, 2 ಆತ್ಮಗಳ ದಿನ. ಕ್ಯಾಥೊಲಿಕ್ ಕುಟುಂಬಗಳು ಗೋರಿ ತೊಳೆದು, ಹೂವಿಟ್ಟು, ಮೇಣದಬತ್ತಿ ಹಚ್ಚುತ್ತವೆ. ಪಾದ್ರಿಗಳು ಗೋರಿಗಳನ್ನು ಮಂತ್ರಿಸುತ್ತಾರೆ. ನೆರೆಯವರು ಚೆಂಡುಹೂವು ಒಯ್ದರೆ ಯಾರೂ ಬೇಡ ಅನ್ನುವುದಿಲ್ಲ. ಚೆಂಡುಹೂವಿನ ತವರು ಮೆಕ್ಸಿಕೊ. ಅದೇ ಎರಡು ದಿನ ಅಲ್ಲಿಯವರು ಅದೇ ಹೂವಿನ ದಾರಿ ಹಾಸಿ ಸತ್ತವರನ್ನು ಮನೆಗೆ ಕರೆಯುತ್ತಾರೆ. ಆದರೆ ಮೆಕ್ಸಿಕೊ ನಗರದ ದೊಡ್ಡ ಅಸ್ಥಿಪಂಜರ ಮೆರವಣಿಗೆಯನ್ನು ಹಳೆಯ ಸಂಪ್ರದಾಯ ಎಂದು ನಕಲು ಮಾಡಲು ಹೊರಡಬೇಡಿ. 2015ರ ಜೇಮ್ಸ್ ಬಾಂಡ್ ಸಿನಿಮಾ ‘ಸ್ಪೆಕ್ಟರ್’ ನೋಡಿ 2016ರಲ್ಲಿ ಶುರುವಾದದ್ದು ಅದು.

ಹಚ್ಚಿದ ಬತ್ತಿಯಿಂದ ಸಿಗರೇಟು ಹೊತ್ತಿಸಬೇಡಿ. ಗೋರಿಯ ಮೇಲೆ ಕೂರಬೇಡಿ, ಬೆಳಗಾವಿ ಕ್ಯಾಂಪಿನ (ದಂಡು ಪ್ರದೇಶದ) ಇಂಗ್ಲಿಷರ ಗೋರಿಯಾದರೂ ಸರಿ. ದರ್ಗಾದ ಚಾದರ ಎಳೆದು ಫೋಟೊ ತೆಗೆಯಬೇಡಿ. ನಂದಗಡದಲ್ಲಿ 1831ರ ಜನವರಿ 26ರಂದು ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಸಮಾಧಿಯ ಆಲದ ಮರಕ್ಕೆ ಮಕ್ಕಳಿಲ್ಲದವರು ತೊಟ್ಟಿಲು ಕಟ್ಟುತ್ತಾರೆ. ಆ ತೊಟ್ಟಿಲು ಮುಟ್ಟಬೇಡಿ, ಬಿಚ್ಚಬೇಡಿ, ಮೌಢ್ಯ ಎಂದು ಅಲ್ಲೇ ನಿಂತು ಭಾಷಣ ಮಾಡಬೇಡಿ.

ಮೌಢ್ಯದ ವಿರುದ್ಧ ಮಾತಾಡಲು ಜಾಗ, ದಿನ ಇದೆ. ಡಿಸೆಂಬರ್ 6ರಂದು, ಅಂಬೇಡ್ಕರ್ ಪರಿನಿರ್ವಾಣದ ದಿನ, ಸತೀಶ ಜಾರಕಿಹೊಳಿಯವರ ಮಾನವ ಬಂಧುತ್ವ ವೇದಿಕೆ ಬೆಳಗಾವಿಯ ಸದಾಶಿವನಗರ ಸ್ಮಶಾನದಲ್ಲಿ ಸಭೆ ನಡೆಸಿದೆ, ಜನ ಅಲ್ಲೇ ಉಂಡಿದ್ದಾರೆ. ಸ್ಮಶಾನದ ಅಂಜಿಕೆ ಬಿಡಿಸಲು ಮಾಡಿದ ಕೆಲಸ ಅದು. ನೀವು ಮಾಡುವ ರೀಲ್ಸ್ ಅಂಜಿಕೆ ಮಾರುವ ಕೆಲಸ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಹಾಸ್ಟೆಲಿನಲ್ಲಿ, ಹೋಟೆಲಿನಲ್ಲಿ ಹ್ಯಾಲೋವೀನ್

ಮಾಡಿ. ಬಾಗಿಲು ಎರಡು ಕಡೆ ತೆರೆದಿರಲಿ. ಸೋಲ್ ನಗರದ ಇತೇವಾನ್‌ನ ಇಕ್ಕಟ್ಟು ಓಣಿಯಲ್ಲಿ 2022ರ ಅಕ್ಟೋಬರ್ 29ರ ಹ್ಯಾಲೋವೀನ್ ನೂಕುನುಗ್ಗಲು 159 ಜನರ ಜೀವ ತೆಗೆಯಿತು. ವಿಧವೆ, ಹುಚ್ಚಿ, ಬುರ್ಖಾದವಳು, ಜೋಗತಿ ಇವರ ವೇಷ ಹಾಕಬೇಡಿ. ಅವರು ಬದುಕಿರುವ ಮನುಷ್ಯರು. ಗೊಂಬೆ ಸುಡಲೇಬೇಕೆಂಬ ಆಸೆಯಿದ್ದರೆ ಡಿಸೆಂಬರ್ 31ರ ರಾತ್ರಿ ತನಕ ತಡೆಯಿರಿ, ಅಂದು ಸುಡಲು ಈ ಊರಿಗೆ ತನ್ನದೇ ‘ಓಲ್ಡ್ ಮ್ಯಾನ್’ ಗೊಂಬೆ ಇದೆ.

ಮೀರಿದವರಿಗೆ

ಭಾರತೀಯ ನ್ಯಾಯ ಸಂಹಿತೆಯ 301ನೇ ಕಲಮಿನಂತೆ, ಹೂಳುವ–ಸುಡುವ ಜಾಗದಲ್ಲಿ ಅತಿಕ್ರಮ ಮಾಡಿ ಇತರರ ಭಾವನೆ ನೋಯಿಸಿದರೆ ಒಂದು ವರ್ಷದವರೆಗೆ ಸಜೆ, ದಂಡ ಅಥವಾ ಎರಡೂ. ರಕ್ಷಿತ ಸ್ಮಾರಕ ಕೆಡಿಸಿದರೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಲ್ಲಿ ಎರಡು ವರ್ಷದವರೆಗೆ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಸ್ಮಶಾನದ ಕಲಮಿಗೆ ನೋಯಿಸುವ ಉದ್ದೇಶವೇ ಬೇಕೆಂದಿಲ್ಲ. ನೋವಾಗುತ್ತದೆ ಎಂದು ಗೊತ್ತಿದ್ದೂ ಮಾಡಿದರೆ ಸಾಕು. ಇದನ್ನು ಓದಿದ ಮೇಲೆ ಗೊತ್ತಿರಲಿಲ್ಲ ಎನ್ನುವಂತಿಲ್ಲ.